ಮೊನೆರೊ ವ್ಯಾಲೆಟ್

ಮೊನೆರೊ ವ್ಯಾಲೆಟ್ ಎಂಬುದು ಮೊನೆರೊ ಕ್ರಿಪ್ಟೋಕರೆನ್ಸಿಯನ್ನು ಪಡೆಯಲು, ಕಳುಹಿಸಲು ಮತ್ತು ಅದರ ರಹಸ್ಯ ಕೀಲಿಗಳನ್ನು ಕಾಪಾಡಲು ಬಳಸುವ ತಂತ್ರಾಂಶ. 2014ರ ಏಪ್ರಿಲ್‌ನಲ್ಲಿ ಆರಂಭವಾದ ಮೊನೆರೊ ಜಾಲವು ಕಳುಹಿಸುವವರು, ಪಡೆಯುವವರು ಮತ್ತು ಮೊತ್ತದ ವಿವರಗಳನ್ನು ಮರೆಮಾಡುತ್ತದೆ. ಈ ಗೌಪ್ಯತೆಯ ಕಾರಣದಿಂದಲೇ ಇದರ ವ್ಯಾಲೆಟ್‌ಗಳ ಬಳಕೆಯು ಬಿಟ್‌ಕಾಯಿನ್ ವ್ಯಾಲೆಟ್‌ಗಳಿಗಿಂತ ಕೆಲವು ವಿಷಯಗಳಲ್ಲಿ ಕಷ್ಟಕರವಾಗಿದೆ.

ಕೀಲಿಗಳು ಮತ್ತು ಸೀಡ್

ಪ್ರತಿ ವ್ಯಾಲೆಟ್‌ಗೆ ಎರಡು ರಹಸ್ಯ ಕೀಲಿಗಳಿರುತ್ತವೆ. ವ್ಯೂ ಕೀ ಬಂದ ಹಣವನ್ನು ಗುರುತಿಸುತ್ತದೆ. ಸ್ಪೆಂಡ್ ಕೀ ಹಣವನ್ನು ಕಳುಹಿಸುವ ಅಧಿಕಾರ ನೀಡುತ್ತದೆ. ಇವೆರಡನ್ನೂ ಸಾಮಾನ್ಯವಾಗಿ 25 ಪದಗಳ ಸೀಡ್‌ನಿಂದ ಮರಳಿ ಪಡೆಯಬಹುದು. ಕೊನೆಯ ಪದವು ಬರೆಯುವಾಗ ಆದ ತಪ್ಪನ್ನು ಪತ್ತೆಹಚ್ಚಲು ನೆರವಾಗುತ್ತದೆ. ಫೆದರ್ ವ್ಯಾಲೆಟ್ 16 ಪದಗಳ ಪಾಲಿಸೀಡ್ ವಿಧಾನವನ್ನು ಬಳಸುತ್ತದೆ. ಇದರಲ್ಲಿ ವ್ಯಾಲೆಟ್ ರಚನೆಯಾದ ಅಂದಾಜು ಕಾಲವೂ ಅಡಕವಾಗಿರುತ್ತದೆ. ಸಾಧನವೂ ಸೀಡ್ ಕೂಡ ಕಳೆದುಹೋದರೆ ಹಣವನ್ನು ಮರಳಿ ಕೊಡಿಸಬಲ್ಲ ಸಂಸ್ಥೆ ಯಾವುದೂ ಇಲ್ಲ.

ಸಿಂಕ್ ಆಗುವಿಕೆ

ಪಡೆಯುವವರ ವಿಳಾಸವು ಬ್ಲಾಕ್‌ಚೈನ್‌ನಲ್ಲಿ ದಾಖಲಾಗುವುದಿಲ್ಲ. ಆದ್ದರಿಂದ ವ್ಯಾಲೆಟ್ ಪ್ರತಿಯೊಂದು ವಹಿವಾಟನ್ನೂ ವ್ಯೂ ಕೀಯಿಂದ ಪರೀಕ್ಷಿಸಿ ತನ್ನದನ್ನು ಆರಿಸಿಕೊಳ್ಳಬೇಕಾಗುತ್ತದೆ. ಹಲವು ದಿನಗಳ ನಂತರ ವ್ಯಾಲೆಟ್ ತೆರೆದವರು ಕಾಯಬೇಕಾಗುವುದು ಇದರಿಂದಲೇ. 2022ರ ಆಗಸ್ಟ್‌ನಲ್ಲಿ ಅಳವಡಿಸಲಾದ ವ್ಯೂ ಟ್ಯಾಗ್‌ಗಳು ಈ ಪರೀಕ್ಷೆಯನ್ನು ವೇಗಗೊಳಿಸಿದವು. ಸೀಡ್‌ನಿಂದ ವ್ಯಾಲೆಟ್ ಮರುಸ್ಥಾಪಿಸುವಾಗ ಪರೀಕ್ಷೆ ಆರಂಭವಾಗಬೇಕಾದ ಬ್ಲಾಕ್‌ನ ಸಂಖ್ಯೆಯನ್ನು ತಪ್ಪಾಗಿ, ಅಂದರೆ ಹಣ ಬಂದ ಕಾಲಕ್ಕಿಂತ ಈಚಿನದನ್ನು ನಮೂದಿಸಿದರೆ ಶಿಲ್ಕು ಸೊನ್ನೆಯೆಂದು ಕಾಣುತ್ತದೆ. ಹಣ ನಾಶವಾಗಿರುವುದಿಲ್ಲ, ಹಿಂದಿನ ಸಂಖ್ಯೆಯಿಂದ ಮತ್ತೆ ಪರೀಕ್ಷಿಸಿದರೆ ಅದು ಗೋಚರಿಸುತ್ತದೆ.

ನೋಡ್‌ನ ಆಯ್ಕೆ

ಸ್ವಂತ ನೋಡ್ ನಡೆಸುವುದರಿಂದ ಗೌಪ್ಯತೆ ಹೆಚ್ಚುತ್ತದೆ, ಆದರೆ ಅದಕ್ಕೆ ಹೆಚ್ಚಿನ ಸಂಗ್ರಹ ಸ್ಥಳ ಮತ್ತು ಸಮಯ ಬೇಕು. ಮೊಬೈಲ್ ವ್ಯಾಲೆಟ್‌ಗಳಾದ ಕೇಕ್ ವ್ಯಾಲೆಟ್ ಮತ್ತು ಮೊನೆರುಜೊ ಸಾಮಾನ್ಯವಾಗಿ ಇತರರು ನಡೆಸುವ ದೂರದ ನೋಡ್‌ಗಳನ್ನು ಅವಲಂಬಿಸುತ್ತವೆ. ಅಂತಹ ನೋಡ್ ನಡೆಸುವವರಿಗೆ ಬಳಕೆದಾರರ ಶಿಲ್ಕು ಕಾಣುವುದಿಲ್ಲ, ಹಣವನ್ನು ತೆಗೆಯಲೂ ಆಗುವುದಿಲ್ಲ. ಆದರೆ ಟಾರ್‌ನಂತಹ ಜಾಲವನ್ನು ಬಳಸದಿದ್ದರೆ ಐಪಿ ವಿಳಾಸ ತಿಳಿಯುತ್ತದೆ. ಮೈಮೊನೆರೊ ಮಾದರಿಯ ಹಗುರ ವ್ಯಾಲೆಟ್‌ಗಳಲ್ಲಿ ವ್ಯೂ ಕೀಯನ್ನೇ ಸರ್ವರ್‌ಗೆ ನೀಡಲಾಗುತ್ತದೆ. ಇದರಿಂದ ಕಾಯುವ ಅವಧಿ ತಗ್ಗಿದರೂ ಬಂದ ಮೊತ್ತಗಳು ಸರ್ವರ್‌ಗೆ ತಿಳಿಯುತ್ತವೆ.

ಪಾವತಿಯ ಮಿತಿ

ಬಂದ ಹಣವನ್ನು 10 ಬ್ಲಾಕ್‌ಗಳು, ಅಂದರೆ ಸುಮಾರು 20 ನಿಮಿಷಗಳು ಕಳೆಯುವವರೆಗೆ ಖರ್ಚು ಮಾಡಲಾಗದು. ಪಾವತಿಯ ನಂತರ ವ್ಯಾಲೆಟ್‌ಗೆ ಹಿಂದಿರುಗುವ ಉಳಿಕೆಗೂ ಇದೇ ನಿಯಮ ಅನ್ವಯಿಸುತ್ತದೆ. ಆದ್ದರಿಂದ ಶಿಲ್ಕು ಸಾಕಷ್ಟಿದ್ದರೂ ಎರಡನೆಯ ಪಾವತಿ ತಕ್ಷಣ ಸಾಧ್ಯವಾಗದಿರಬಹುದು.