ಅರಮನೆಯ ಸಕ್ಕರೆ, ಜನಸಾಮಾನ್ಯರ ಕಾಯಿಲೆ

ಅರಬ್ಬಿಯ ‘ಸುಕ್ಕರ್’, ಪಾರಸಿಯ ‘ಶಕರ್’, ಕನ್ನಡದ ‘ಸಕ್ಕರೆ’ ಇವೆಲ್ಲ ಒಂದೇ ಮನೆತನದ ಮಾತುಗಳು; ಮೂಲ ಸಂಸ್ಕೃತದ ‘ಶರ್ಕರಾ’. ಭಾರತದ ಸಕ್ಕರೆ ವಿದ್ಯೆ ಪರ್ಷಿಯಾದ ಮೂಲಕ ಅರಬರಿಗೆ ತಲುಪಿತು. ಅವರು ಕಬ್ಬನ್ನು ಈಜಿಪ್ಟ್, ಸಿಸಿಲಿ, ಸ್ಪೇನ್‌ಗಳಿಗೆ ಒಯ್ದರು. ಆದರೂ ಶತಮಾನಗಳ ಕಾಲ ಸಕ್ಕರೆ ಔಷಧವಾಗಿ ಅಥವಾ ಸಿರಿವಂತರ ಭೋಗವಸ್ತುವಾಗಿಯೇ ಉಳಿಯಿತು.

ನಮ್ಮ ನಾಡಿನಲ್ಲೂ ಹಾಗೆಯೇ. ಟಿಪ್ಪು ಸುಲ್ತಾನರ ಪತನದ ಮರುವರ್ಷ, 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್, ಚನ್ನಪಟ್ಟಣದಲ್ಲಿ ತಯಾರಾಗುತ್ತಿದ್ದ ಉತ್ತಮ ಬಿಳಿ ಸಕ್ಕರೆಯನ್ನು ಉಲ್ಲೇಖಿಸಿದ್ದಾನೆ. ಅದು ಶ್ರೀರಂಗಪಟ್ಟಣದ ಅರಮನೆಗೆ ಸಲ್ಲುತ್ತಿತ್ತು. ರೈತನ ಪಾಲಿಗೆ ಇದ್ದದ್ದು ಆಲೆಮನೆಯ ಬೆಲ್ಲ; ಅದೂ ಹೆಚ್ಚಾಗಿ ಹಬ್ಬಕ್ಕೆ, ಬಾಣಂತಿಗೆ, ಬಂದ ನೆಂಟರಿಗೆ. 1847ರಲ್ಲಿ ಪಾಲಹಳ್ಳಿಯಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದವು. ಅರಮನೆಯ ವಸ್ತು ಅಂಗಡಿಗೆ ಇಳಿಯತೊಡಗಿತು.

ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ನಾಲೆಗಳು ಚನ್ನಗಿರಿ, ಹೊನ್ನಾಳಿ ಭಾಗದ ಹೊಲಗಳಿಗೆ ನೀರು ತಂದವು. ದಾವಣಗೆರೆ ಬಳಿಯ ಕುಕ್ಕುವಾಡದಲ್ಲಿ ಸಕ್ಕರೆ ಕಾರ್ಖಾನೆ ಎದ್ದಿತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿಗಳೂ ಚಿತ್ರದುರ್ಗದಿಂದ ಜಗಳೂರೂ ಬಂದು ಸೇರಿದವು. ನ್ಯಾಮತಿ ಬಳಿಕ ಹೊನ್ನಾಳಿಯಿಂದ ಬೇರ್ಪಟ್ಟು ತಾಲೂಕಾಯಿತು. ಚನ್ನಗಿರಿಯದು ಅಡಿಕೆಯ ಹಸಿರು, ಜಗಳೂರಿನದು ಮಳೆಯನ್ನೇ ನಂಬಿದ ಬಯಲು. ನೀರಿನಲ್ಲಿ ಇಷ್ಟು ಅಂತರವಿರುವ ಈ ಊರುಗಳಿಗೆ ಸಕ್ಕರೆ ಮಾತ್ರ ತಾರತಮ್ಯವಿಲ್ಲದೆ ತಲುಪಿದೆ. ಚಹಾದಂಗಡಿಯಲ್ಲಿ, ಬೇಕರಿಯಲ್ಲಿ, ಮಕ್ಕಳ ಕೈಯ ಬಿಸ್ಕತ್ತು ಪೊಟ್ಟಣದಲ್ಲಿ, ತಂಪು ಪಾನೀಯದ ಬಾಟಲಿಯಲ್ಲಿ ಅದೇ ಇದೆ.

ಸುಶ್ರುತ, ಚರಕರ ಕಾಲದ ವೈದ್ಯರು ಮಧುಮೇಹವನ್ನು ಬಲ್ಲವರಾಗಿದ್ದರು. 1037ರಲ್ಲಿ ನಿಧನರಾದ ಇಬ್ನ್ ಸೀನಾ ಕೂಡ ಅದರ ಲಕ್ಷಣಗಳನ್ನು ವಿವರಿಸಿದ್ದಾರೆ. ಅಂದು ಅದು ಹೆಚ್ಚಾಗಿ ಉಂಡು ಕೂರುವವರ ರೋಗ. ಇಂದು ಕೂಲಿಕಾರನ ಮನೆಯಲ್ಲೂ ‘ಶುಗರ್ ಬಂದಿದೆ’ ಎಂಬ ಮಾತು ಕೇಳಿಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ, 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ; 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ.

ಇದಕ್ಕೆ ಸಕ್ಕರೆಯೊಂದೇ ಕಾರಣವಲ್ಲ. ವಂಶವಾಹಿ, ದುಡಿಮೆಯಿಲ್ಲದ ದೇಹ, ಬೊಜ್ಜು ಎಲ್ಲಕ್ಕೂ ಪಾಲಿದೆ. ಆದರೆ ಅತಿಯಾದ ಸಕ್ಕರೆ ಬೊಜ್ಜನ್ನು ಬೆಳೆಸುತ್ತದೆ, ಯಕೃತ್ತಿನಲ್ಲಿ ಕೊಬ್ಬು ಕೂಡಿಸುತ್ತದೆ, ಹಲ್ಲನ್ನು ಹುಳುಕಾಗಿಸುತ್ತದೆ. ಸಿಹಿ ಪಾನೀಯವಂತೂ ಹೊಟ್ಟೆ ತುಂಬಿಸದೆಯೇ ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತದೆ. ಬೆಲ್ಲ ತಿಂದರೆ ತೊಂದರೆಯಿಲ್ಲವೆಂಬುದೂ ಭ್ರಮೆ. ಅದರಲ್ಲಿರುವುದೂ ಬಹುಪಾಲು ಸಕ್ಕರೆಯೇ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ನೀಡಿದ ಸಲಹೆಯಂತೆ, ಸೇರಿಸಿದ ಸಕ್ಕರೆ ದಿನಕ್ಕೆ ಸುಮಾರು 50 ಗ್ರಾಂ ಮೀರಬಾರದು. 25 ಗ್ರಾಂ, ಅಂದರೆ 6 ಚಹಾ ಚಮಚದೊಳಗಿದ್ದರೆ ಇನ್ನೂ ಒಳ್ಳೆಯದು. ಒಂದು ಲೋಟ ಚಹಾಕ್ಕೆ 2 ಚಮಚದಂತೆ ನಾಲ್ಕು ಲೋಟ ಕುಡಿದವನು ಬೇರೇನೂ ಸಿಹಿ ತಿನ್ನದೆಯೇ 8 ಚಮಚ ಮುಗಿಸಿರುತ್ತಾನೆ.

ಹಿಂದೆ ಬಡತನವೂ ಬೆಲೆಯೂ ನಮ್ಮ ನಾಲಿಗೆಗೆ ಕಡಿವಾಣ ಹಾಕಿದ್ದವು. ಈಗ ಆ ಕಡಿವಾಣ ನಮ್ಮ ಕೈಯಲ್ಲೇ ಇದೆ. ತಿನ್ನುವುದರಲ್ಲಿ ಮಿತಿ ಮೀರಬೇಡಿರೆಂದು ಕುರ್‌ಆನ್ ಬೋಧಿಸುತ್ತದೆ. ಹಿತಮಿತವಾಗಿ ಉಣ್ಣಬೇಕೆಂದು ನಮ್ಮ ಹಿರಿಯರೂ ಹೇಳುತ್ತಾ ಬಂದಿದ್ದಾರೆ. ಹಗಲಿಡೀ ಉಪವಾಸವಿದ್ದು ಇಫ್ತಾರಿನಲ್ಲಿ ಲೋಟಗಟ್ಟಲೆ ಶರಬತ್ತು ಕುಡಿದರೆ ಸಂಯಮದ ಪಾಠ ಅರ್ಧದಲ್ಲೇ ನಿಂತಂತೆ. ಖರ್ಜೂರ ಒಂದೆರಡಿದ್ದು, ದಾಹಕ್ಕೆ ನೀರಿದ್ದರೆ ಸಾಕು. ಮಧುಮೇಹವುಳ್ಳವರು ಉಪವಾಸಕ್ಕೆ ಮುನ್ನ ವೈದ್ಯರ ಸಲಹೆ ಪಡೆಯಬೇಕು. ಹಬ್ಬದ ಶೀರ್‌ ಖುರ್ಮಾ, ಸಂಕ್ರಾಂತಿಯ ಸಕ್ಕರೆ ಅಚ್ಚು ಆಯಾ ದಿನಕ್ಕೆ ಇರಲಿ. ದಿನವೂ ಹಬ್ಬವಾದರೆ ಮೊದಲು ಸೋಲುವುದು ದೇಹ. ಅದರ ಬೆನ್ನಿಗೇ ಬಡವನ ಮನೆಯ ಗಳಿಕೆಯೂ ಔಷಧದಂಗಡಿಯ ಪಾಲಾಗುತ್ತದೆ.