ಕೃಷಿ ಸಂಶೋಧನಾ ಲೇಖನಕ್ಕೆ ಸೂಕ್ತ ನಿಯತಕಾಲಿಕೆಯ ಆಯ್ಕೆ

ಎರಡು ಹಂಗಾಮುಗಳ ಕ್ಷೇತ್ರ ಪ್ರಯೋಗದಿಂದ ದೊರೆತ ಫಲಿತಾಂಶವನ್ನು ಹೊಸ ಸಂಶೋಧನೆಯಾಗಿ ಒಮ್ಮೆ ಮಾತ್ರ ಪ್ರಕಟಿಸಲು ಸಾಧ್ಯ. ಅದು ನಕಲಿ ನಿಯತಕಾಲಿಕೆಯ ಪಾಲಾದರೆ ಪಟ್ಟ ಶ್ರಮವೆಲ್ಲ ವ್ಯರ್ಥವಾಗಬಹುದು. ಆದುದರಿಂದ ಲೇಖನವನ್ನು ಬರೆಯಲು ತೊಡಗುವ ಮೊದಲೇ ನಿಯತಕಾಲಿಕೆಯನ್ನು ನಿರ್ಧರಿಸುವುದು ಸೂಕ್ತ.

1. ಓದುಗರನ್ನು ಗುರುತಿಸಿ
ನಿಮ್ಮ ಫಲಿತಾಂಶವನ್ನು ಯಾರು ಬಳಸುವರೆಂಬುದೇ ಮೊದಲ ಪ್ರಶ್ನೆ. ದಕ್ಷಿಣ ಕರ್ನಾಟಕದ ಒಣಬೇಸಾಯದಲ್ಲಿ ರಾಗಿಯ ಬಿತ್ತನೆ ಕಾಲವನ್ನು ಕುರಿತ ಅಧ್ಯಯನವು ಆ ಭಾಗದ ಸಂಶೋಧಕರಿಗೂ ವಿಸ್ತರಣಾ ತಜ್ಞರಿಗೂ ತಲುಪಬೇಕು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ‘ಮೈಸೂರು ಜರ್ನಲ್ ಆಫ್ ಅಗ್ರಿಕಲ್ಚರಲ್ ಸೈನ್ಸಸ್’ನಂತಹ ಪತ್ರಿಕೆ ಇದಕ್ಕೆ ಹೊಂದುತ್ತದೆ. ರಾಗಿಯ ಬೆಂಕಿರೋಗ ನಿರೋಧಕ ವಂಶವಾಹಿಯ ಅಧ್ಯಯನಕ್ಕೆ ಹೊರದೇಶಗಳಲ್ಲಿಯೂ ಓದುಗರಿರುವುದರಿಂದ ಅಂತರರಾಷ್ಟ್ರೀಯ ಪತ್ರಿಕೆಯನ್ನು ಪರಿಗಣಿಸಬಹುದು. ನಿಮ್ಮ ಲೇಖನದ ಉಲ್ಲೇಖ ಪಟ್ಟಿಯಲ್ಲಿ ಪದೇ ಪದೇ ಕಾಣುವ ಪತ್ರಿಕೆಗಳು ಉತ್ತಮ ಸುಳಿವು ನೀಡುತ್ತವೆ.

2. ವ್ಯಾಪ್ತಿ ಮತ್ತು ನಿಯಮಗಳು
ಕಳೆದ ಎರಡು ವರ್ಷಗಳ ಸಂಚಿಕೆಗಳನ್ನು ಓದಿ. ಕ್ಷೇತ್ರ ಪ್ರಯೋಗಗಳಿಗೆ ಒಂದಕ್ಕಿಂತ ಹೆಚ್ಚು ಹಂಗಾಮುಗಳ ದತ್ತಾಂಶವನ್ನು ಕೇಳುವ ಪತ್ರಿಕೆಗಳಿವೆ. ಪ್ರಕಟಣಾ ಶುಲ್ಕವನ್ನೂ ಮುಂಚಿತವಾಗಿಯೇ ತಿಳಿದುಕೊಳ್ಳಿ.

3. ಶ್ರೇಯಾಂಕ
ರಾಷ್ಟ್ರೀಯ ಕೃಷಿ ವಿಜ್ಞಾನಗಳ ಅಕಾಡೆಮಿಯು ಪ್ರತಿ ವರ್ಷ ನಿಯತಕಾಲಿಕೆಗಳಿಗೆ ಗರಿಷ್ಠ 20ರವರೆಗೆ ಅಂಕ ನೀಡುತ್ತದೆ. ಚಾಲ್ತಿಯಲ್ಲಿರುವ ಪಟ್ಟಿಯನ್ನೇ ನೋಡಿ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ತನ್ನ ‘ಕೇರ್’ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿರುವುದರಿಂದ, ಗುಣಮಟ್ಟವನ್ನು ಪರಿಶೀಲಿಸುವ ಹೊಣೆ ಸಂಶೋಧಕರ ಹಾಗೂ ಸಂಸ್ಥೆಗಳ ಮೇಲೆ ಹೆಚ್ಚಾಗಿದೆ. ಅಂಕ ಹೆಚ್ಚಿದ್ದರೂ ವಿಷಯ ಹೊಂದದಿದ್ದಲ್ಲಿ ಲೇಖನವು ಪರಿಶೀಲನೆಗೂ ಹೋಗದೆ ಮರಳಬಹುದು.

4. ನಕಲಿ ಪತ್ರಿಕೆಗಳ ಲಕ್ಷಣಗಳು
• ಕೆಲವೇ ದಿನಗಳಲ್ಲಿ ಪ್ರಕಟಣೆಯ ಭರವಸೆ.
• ತಜ್ಞರ ಪರಿಶೀಲನೆಗೆ ಮುನ್ನವೇ ಹಣದ ಬೇಡಿಕೆ.
• ಕೃಷಿಯಿಂದ ವಾಣಿಜ್ಯದವರೆಗೆ ಎಲ್ಲ ವಿಷಯಗಳಿಗೂ ಆಹ್ವಾನ.
• ಒಪ್ಪಿಗೆಯಿಲ್ಲದೆ ಸಂಪಾದಕ ಮಂಡಳಿಯಲ್ಲಿ ಸೇರಿಸಿದ ಹೆಸರುಗಳು.

ಶುಲ್ಕ ಪಡೆಯುವ ಪತ್ರಿಕೆಗಳೆಲ್ಲವೂ ನಕಲಿಯಲ್ಲ. ಮುಕ್ತ ಪ್ರವೇಶದ ಅನೇಕ ಉತ್ತಮ ಪತ್ರಿಕೆಗಳೂ ಶುಲ್ಕ ಪಡೆಯುತ್ತವೆ. ಐಎಸ್‌ಎಸ್‌ಎನ್ ಎಂಬುದು ಕೇವಲ ಗುರುತಿನ ಸಂಖ್ಯೆ, ಗುಣಮಟ್ಟದ ಪ್ರಮಾಣಪತ್ರವಲ್ಲ. ಪ್ರತಿಷ್ಠಿತ ಪತ್ರಿಕೆಗಳ ಹೆಸರಿನಲ್ಲಿಯೇ ನಕಲಿ ಜಾಲತಾಣಗಳಿರುವುದರಿಂದ, ಇಮೇಲ್‌ನಲ್ಲಿ ಬಂದ ಕೊಂಡಿಯ ಮೂಲಕ ಲೇಖನ ಸಲ್ಲಿಸಬೇಡಿ. ಪ್ರಕಾಶಕ ಸಂಸ್ಥೆಯ ಅಧಿಕೃತ ತಾಣದಿಂದಲೇ ಪ್ರವೇಶಿಸಿ. ಸಂದೇಹವಿದ್ದಲ್ಲಿ ನಿಮ್ಮ ಮಾರ್ಗದರ್ಶಕರನ್ನು ಅಥವಾ ಗ್ರಂಥಪಾಲಕರನ್ನು ಸಂಪರ್ಕಿಸಿ.

5. ಸಲ್ಲಿಕೆ
ಮೂರು ಪತ್ರಿಕೆಗಳನ್ನು ಆದ್ಯತೆಯ ಕ್ರಮದಲ್ಲಿ ಗುರುತಿಸಿಕೊಳ್ಳಿ. ಆದರೆ ಒಂದು ಬಾರಿಗೆ ಒಂದಕ್ಕೆ ಮಾತ್ರ ಸಲ್ಲಿಸಿ. ಲೇಖನವು ತಿರಸ್ಕೃತವಾದಲ್ಲಿ ಪರಿಶೀಲಕರ ಸೂಚನೆಗಳಿಗೆ ಅನುಗುಣವಾಗಿ ತಿದ್ದಿ, ನಂತರವೇ ಮುಂದಿನ ಪತ್ರಿಕೆಗೆ ಕಳುಹಿಸಿ.