ಕಾಗದದ ಮೇಲೆ ಹಾರಿದ ನೌಕೆ

ಟಿ.ವಿ. ಧಾರಾವಾಹಿ ಆಧರಿಸಿದ ಕಂಪ್ಯೂಟರ್ ಆಟಗಳಲ್ಲಿ ‘ಸ್ಟಾರ್ ಟ್ರೆಕ್’ ತೀರ ಹಳೆಯದು. ಅಮೆರಿಕದಲ್ಲಿ 1966ರಲ್ಲಿ ಆರಂಭವಾದ ಆ ಧಾರಾವಾಹಿಯನ್ನು ಎನ್‌ಬಿಸಿ ಸಂಸ್ಥೆ 79 ಕಂತುಗಳ ನಂತರ, 1969ರಲ್ಲಿ ನಿಲ್ಲಿಸಿಬಿಟ್ಟಿತು. ಎರಡು ವರ್ಷಗಳ ಬಳಿಕ ಕ್ಯಾಲಿಫೋರ್ನಿಯಾದ ಹೈಸ್ಕೂಲು ಹುಡುಗ ಮೈಕ್ ಮೇಫೀಲ್ಡ್ ಅದನ್ನು ಬೇಸಿಕ್ ಭಾಷೆಯಲ್ಲಿ ಆಟವಾಗಿಸಿದ.

ಇದಕ್ಕೆ ಪರದೆಯೇ ಬೇಕಿರಲಿಲ್ಲ. ಚದುರಂಗದ ಮಣೆಯಂತೆ 64 ಮನೆಗಳ ಆಕಾಶ. ಅಕ್ಷರ, ಚಿಹ್ನೆಗಳೇ ನಕ್ಷತ್ರ, ನೌಕೆ, ಶತ್ರು. ಆಟಗಾರ ಆಜ್ಞೆ ಕೊಟ್ಟರೆ ಟೆಲಿಟೈಪ್ ಯಂತ್ರ ಫಲಿತಾಂಶವನ್ನು ಕಾಗದದ ಮೇಲೆ ಅಚ್ಚೊತ್ತುತ್ತಿತ್ತು. ಗಡುವಿನೊಳಗೆ ಕ್ಲಿಂಗನ್ ನೌಕೆಗಳನ್ನೆಲ್ಲ ನಾಶಮಾಡಬೇಕು.

1973ರಲ್ಲಿ ಡೇವಿಡ್ ಅಹ್ಲ್ ಈ ಆಟದ ಒಂದು ರೂಪವನ್ನು ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ಓದುಗರು ಅದನ್ನು ಸಾಲುಸಾಲಾಗಿ ಬೆರಳಚ್ಚಿಸಿ, ತಿದ್ದಿ, ಪರರಿಗೂ ಹಂಚಿದರು. ಕಿರುತೆರೆ ಕೈಬಿಟ್ಟ ನೌಕೆಗೆ ಹೀಗೆ ನೋಡುಗರೇ ನಾಯಕರಾದರು.